ಬಿಟ್ಟುಕೊಡುವ ಲೆಕ್ಕ: ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಹೇಗೆ ಯೋಚಿಸುತ್ತದೆ

2011ರ ನವೆಂಬರ್ 5, ಅಲಬಾಮಾ ರಾಜ್ಯದ ಟಸ್ಕಲೂಸಾ. ಆ ವಾರ ದೇಶಕ್ಕೇ ಮೊದಲನೆಯದಾಗಿದ್ದ ಎಲ್‌ಎಸ್‌ಯು (ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯ), ಎರಡನೆಯದಾಗಿದ್ದ ಅಲಬಾಮಾ ಎದುರಾಬದುರಾದವು. ನಿಗದಿತ ಸಮಯ ಮುಗಿದು, ಓವರ್‌ಟೈಮಿಗೂ ಹೋಗಿ, ಕೊನೆಗೆ ಬಂದ ಫಲಿತಾಂಶ 9–6. ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು, ಒಂದೂ ಇಲ್ಲ. ಬಂದ ಅಂಕವೆಲ್ಲ ಚೆಂಡನ್ನು ಕಂಬಗಳ ನಡುವೆ ಒದ್ದು ಗಳಿಸಿದ ಮೂರು ಮೂರರ ಫೀಲ್ಡ್ ಗೋಲು. ಎಂಟು ವರ್ಷದ ನಂತರ, 2019ರ ನವೆಂಬರ್ 9ರಂದು, ಅದೇ ಮೈದಾನದಲ್ಲಿ ಅವೇ ಎರಡು ತಂಡ ಮತ್ತೆ ಆಡಿದವು. ಅಲಬಾಮಾದ ಕೋಚ್ ಕೂಡ ಅವರೇ, ನಿಕ್ ಸೇಬನ್. ಈ ಸಲ 46–41. ಎರಡೂ ಸಲ ಗೆದ್ದದ್ದು ಎಲ್‌ಎಸ್‌ಯು.

ಸೇಬನ್ ಸಾಮಾನ್ಯರಲ್ಲ. ಎಲ್‌ಎಸ್‌ಯುನಲ್ಲಿ ಒಂದು, ಅಲಬಾಮಾದಲ್ಲಿ ಆರು, ಒಟ್ಟು ಏಳು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು, ಅದರಲ್ಲೂ ಡಿಫೆನ್ಸ್ ಕಲಿಸುವುದರಲ್ಲಿ ಗುರುಗಳಿಗೆ ಗುರು. ಅಂಥವರ ಅಂಗಳದಲ್ಲೇ 46 ಅಂಕ ಬಿದ್ದವು ಅಂದರೆ ನಡುವೆ ಏನೋ ಬದಲಾಗಿದೆ. ಅದೇನೆಂದು ತಿಳಿಯಲು ಕೋಚುಗಳ ತಲೆಯೊಳಗಿನ ಒಂದು ಲೆಕ್ಕ ಗೊತ್ತಿರಬೇಕು.

ಆಟದ ಮೂಲ ನಿಯಮ ಬೇಗ ಹೇಳಿ ಮುಗಿಸುತ್ತೇನೆ. ಚೆಂಡು ಯಾರ ಕೈಲಿದೆಯೋ ಆ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನ್. ದಾಟಿದರೆ ಮತ್ತೆ ನಾಲ್ಕು. ಚೆಂಡನ್ನು ಹಿಡಿದು ಓಡಬಹುದು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಅನ್ನುವವನು ಮುಂದೆ ಓಡುತ್ತಿರುವ ರಿಸೀವರ್‌ಗೆ ಎಸೆಯಬಹುದು. ತಡೆಯುವವರು ಹನ್ನೊಂದು ಜನ. ಸಾಮಾನ್ಯವಾಗಿ ಅವರಲ್ಲಿ ನಾಲ್ವರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾರೆ. ಉಳಿದ ಏಳು ಜನ 53 ಗಜಕ್ಕೂ ಸ್ವಲ್ಪ ಹೆಚ್ಚು ಅಗಲದ ಮೈದಾನ ಕಾಯಬೇಕು. ಏಳು ಜನಕ್ಕೆ ಅಷ್ಟು ಜಾಗ ಕಾಯುವುದು ಆಗದ ಮಾತು. ಎಲ್ಲಿ ನಿಂತರೂ ಎಲ್ಲೋ ಒಂದು ಕಡೆ ಖಾಲಿ ಬಿದ್ದೇ ಬೀಳುತ್ತದೆ. ಆದ್ದರಿಂದ ಡಿಫೆನ್ಸ್ ಕೋಚ್ ಮೊದಲು ತೀರ್ಮಾನಿಸುವುದು ಯಾವ ಜಾಗ ಬಿಟ್ಟುಕೊಡೋಣ ಎಂಬುದನ್ನು. ಆಮೇಲಿನ ತಂತ್ರವೆಲ್ಲ ಆ ಜಾಗವನ್ನು ಎದುರಾಳಿಯ ಕಣ್ಣಿನಿಂದ ಮುಚ್ಚಿಡುವ ಕಸರತ್ತು.

ಏಳು ಜನ ಎಲ್ಲೆಲ್ಲಿ ಕಾಯಬೇಕು ಎಂಬ ಏರ್ಪಾಡಿಗೆ ಕವರೇಜ್ ಅಂತ ಹೆಸರು. ಅದರ ಸಂಖ್ಯೆ ಬಹುಮಟ್ಟಿಗೆ ತೀರ ಹಿಂದೆ, ಆಳದಲ್ಲಿ ಕಾಯುವವರ ತಲೆ ಎಣಿಕೆ. ಕವರ್ 1 ಅಂದರೆ ಹಿಂದೆ ಒಬ್ಬ, ಮಿಕ್ಕವರೆಲ್ಲ ತಲೆಗೊಬ್ಬರಂತೆ ರಿಸೀವರ್‌ಗಳ ಬೆನ್ನಿಗೆ. ಕವರ್ 3ರಲ್ಲಿ ಮೂವರು, ಕವರ್ 4ರಲ್ಲಿ ನಾಲ್ವರು. ಕವರ್ 0 ಅಂದರೆ ಹಿಂದೆ ಯಾರೂ ಇಲ್ಲ, ದೇವರೇ ಗತಿ. ಕವರ್ 6 ಅನ್ನುವುದು ಅರ್ಧ ಮೈದಾನಕ್ಕೆ ನಾಲ್ಕರ ಲೆಕ್ಕ, ಇನ್ನರ್ಧಕ್ಕೆ ಎರಡರ ಲೆಕ್ಕ. ಒಂದೊಂದು ತಂಡದ ಪುಸ್ತಕದಲ್ಲಿ ಒಂದೊಂದು ಹೆಸರಿರುವುದರಿಂದ ಈ ಸಂಖ್ಯೆಗಳನ್ನು ಉರು ಹೊಡೆಯುವುದು ದಂಡ. ಹಿಂಬದಿ ಕಾಯುವವರಲ್ಲಿ ಎರಡು ಅಂಚಿನವರು ಕಾರ್ನರ್‌ಗಳು, ನಡುವಿನವರು ಸೇಫ್ಟಿಗಳು. ಹಿಂದೆ ನಿಂತ ಸೇಫ್ಟಿ ಒಬ್ಬನೋ ಇಬ್ಬರೋ ಎಂದು ನೋಡಿಕೊಂಡರೆ ಸದ್ಯಕ್ಕೆ ಸಾಕು.

ಒಬ್ಬನೇ ಇದ್ದರೆ ಇನ್ನೊಬ್ಬ ಮುಂದೆ ಬಂದಿದ್ದಾನೆ ಅಂತ ಅರ್ಥ, ಓಟ ತಡೆಯಲು ಒಂದು ತಲೆ ಹೆಚ್ಚು ಸಿಕ್ಕಿತು. ಇಬ್ಬರಿದ್ದರೆ ಆಳದ ಪಾಸಿಗೆ ಭದ್ರ, ಮುಂದುಗಡೆ ಒಂದು ತಲೆ ಕಡಿಮೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲೂ ಲೆಕ್ಕ ಇದೇ. ಆದರೆ ಕಾಲೇಜಿನಲ್ಲಿ ಇದು ಇನ್ನೂ ಬಿಗಿಯಾಗುತ್ತದೆ, ಯಾಕೆಂದರೆ ಇಲ್ಲಿ ಕ್ವಾರ್ಟರ್‌ಬ್ಯಾಕ್‌ಗಳೂ ಸಲೀಸಾಗಿ ಚೆಂಡು ಹಿಡಿದು ಓಡುತ್ತಾರೆ. ಚೆಂಡನ್ನು ಬೇರೆಯವನ ಕೈಗಿತ್ತು ಸುಮ್ಮನೆ ನಿಲ್ಲುವ ಕ್ವಾರ್ಟರ್‌ಬ್ಯಾಕ್ ಆದರೆ ಹನ್ನೊಂದು ಜನ ಹತ್ತು ಜನರ ಎದುರು ಆಡಿದಂತೆ. ಅವನೂ ಓಡುತ್ತಾನೆ ಅಂದರೆ ಹನ್ನೊಂದಕ್ಕೆ ಹನ್ನೊಂದು. ಡಿಫೆನ್ಸಿನ ಕಿಸೆಯಲ್ಲಿದ್ದ ಆ ಒಂದು ಹೆಚ್ಚುವರಿ ನಾಣ್ಯ ಅಲ್ಲಿಗೆ ಖರ್ಚಾಯಿತು.

ಕಾಲೇಜಿಗೇ ವಿಶೇಷವಾದ ಇನ್ನೊಂದು ಸಂಗತಿ ನೆಲದ ಮೇಲೆ ಬಳಿದ ಬಿಳಿ ಗೆರೆಗಳಲ್ಲಿದೆ, ಟಿವಿಯಲ್ಲಿ ನೋಡುವವರು ಗಮನಿಸುವುದು ಕಡಿಮೆ. ಮೈದಾನದುದ್ದಕ್ಕೂ ಎರಡು ಸಾಲು ಚಿಕ್ಕ ಗೆರೆಗಳಿರುತ್ತವೆ, ಅವಕ್ಕೆ ಹ್ಯಾಶ್ ಎನ್ನುತ್ತಾರೆ. ಆಟಗಾರ ಅಂಚಿನಲ್ಲಿ ಬಿದ್ದರೆ ಮುಂದಿನ ಆಟಕ್ಕೆ ಚೆಂಡನ್ನು ಹತ್ತಿರದ ಹ್ಯಾಶ್ ಮೇಲೆ ಇಡಬೇಕು. ಎನ್‌ಎಫ್‌ಎಲ್‌ನಲ್ಲಿ ಈ ಎರಡು ಸಾಲಿನ ನಡುವೆ ಹದಿನೆಂಟೂವರೆ ಅಡಿ. ಕಾಲೇಜಿನಲ್ಲಿ 40 ಅಡಿ. ಹಾಗಾಗಿ ಚೆಂಡು ಹ್ಯಾಶ್ ಮೇಲಿದ್ದರೆ ಒಂದು ಪಕ್ಕಕ್ಕೆ 20 ಗಜ ಮಾತ್ರ ಉಳಿಯುತ್ತದೆ, ಇನ್ನೊಂದು ಪಕ್ಕಕ್ಕೆ 33 ಗಜಕ್ಕಿಂತ ಹೆಚ್ಚು. ಕಿರಿದಾದ ಪಕ್ಕಕ್ಕೆ ಬೌಂಡರಿ, ಅಗಲದ ಪಕ್ಕಕ್ಕೆ ಫೀಲ್ಡ್ ಅಂತ ಹೆಸರು. ಕಾಲೇಜ್ ಡಿಫೆನ್ಸುಗಳು ಎಡಗಡೆಯವನು, ಬಲಗಡೆಯವನು ಎಂದು ಹಂಚಿಕೊಳ್ಳದೆ ಬೌಂಡರಿಯವನು, ಫೀಲ್ಡಿನವನು ಎಂದು ಹಂಚಿಕೊಳ್ಳುವುದು ಇದಕ್ಕೇ. ಎಡಕ್ಕೂ ಬಲಕ್ಕೂ ಇಲ್ಲಿ ಒಂದೇ ತೂಕವಿಲ್ಲ. ದೂರದ ಹ್ಯಾಶ್‌ನಿಂದ ಫೀಲ್ಡಿನ ಅಂಚಿಗೆ ಎಸೆದ ಚೆಂಡು ಗಾಳಿಯಲ್ಲಿ ಎಷ್ಟೋ ಹೊತ್ತು ಇರುತ್ತದೆ. ಹತ್ತೊಂಬತ್ತರ ಹುಡುಗನ ತೋಳಿಗೆ ಅದು ದೊಡ್ಡ ಕೆಲಸ ಎಂದು ಕೋಚಿಗೆ ಗೊತ್ತು. ಆ ಮೂಲೆಯನ್ನು ಅರ್ಧ ಬಿಟ್ಟುಕೊಡುತ್ತಾನೆ.

ಇನ್ನು ಲೇಖನದ ತಿರುಳಿಗೆ ಬರೋಣ. ಕಾಯುವುದರಲ್ಲಿ ಎರಡು ಹಳೆಯ ಪದ್ಧತಿ, ಮ್ಯಾನ್ ಮತ್ತು ಝೋನ್. ಒಂದು ಮದುವೆ ಮನೆ ಅಂದುಕೊಳ್ಳಿ. ಮಕ್ಕಳು ಓಡಾಡಿಕೊಂಡಿವೆ, ಹಿತ್ತಲಲ್ಲಿ ಬಾವಿ ಇದೆ. ಮನೆಯ ಹಿರಿಯರು ಕರೆದು, "ಪುಟ್ಟನ ಹಿಂದೆಯೇ ಇರು, ಎಲ್ಲಿ ಹೋದರೂ ಬಿಡಬೇಡ" ಅಂದರೆ ಅದು ಮ್ಯಾನ್. "ಹಿತ್ತಲ ಬಾಗಿಲಲ್ಲಿ ನಿಂತಿರು, ಯಾವ ಮಗು ಬಂದರೂ ನೋಡಿಕೋ" ಅಂದರೆ ಅದು ಝೋನ್. ಮೊದಲನೆಯದರ ತೊಂದರೆ ನಮಗೆ ಗೊತ್ತಿದ್ದದ್ದೇ. ಪುಟ್ಟ ಪಂಕ್ತಿಯ ನಡುವೆ ನುಸುಳಿ ಆ ಕಡೆಯಿಂದ ಎದ್ದರೆ, ನೀವು ಸಾಂಬಾರಿನ ಬಕೆಟ್ ಹಿಡಿದವನಿಗೆ ಡಿಕ್ಕಿ ಹೊಡೆದು ನಿಲ್ಲುತ್ತೀರಿ. ರಿಸೀವರ್‌ಗಳು ಒಬ್ಬರ ದಾರಿಗೆ ಒಬ್ಬರು ಅಡ್ಡ ಹಾಯುವುದು ಈ ಡಿಕ್ಕಿಗಾಗಿಯೇ. ಎರಡನೆಯದರ ತೊಂದರೆ ಇನ್ನೊಂದು ಬಗೆ. ನಿಮ್ಮ ಬಾಗಿಲಿಗೆ ಒಂದು ಮಗುವೂ ಬರದೆ, ಪಕ್ಕದ ಬಾಗಿಲಿಗೆ ಎರಡು ಒಟ್ಟಿಗೆ ಬಂದರೆ? ಅಲ್ಲಿರುವವನು ಒಬ್ಬನೇ, ನೀವು ಖಾಲಿ ಬಾಗಿಲು ಕಾಯುತ್ತ ನಿಂತಿದ್ದೀರಿ.

1994ರಲ್ಲಿ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಆದದ್ದು ಇದೇ. ಬಿಲ್ ಬೆಲಿಚಿಕ್ ಹೆಡ್ ಕೋಚ್, ನಿಕ್ ಸೇಬನ್ ಡಿಫೆನ್ಸ್ ನೋಡಿಕೊಳ್ಳುವವರು. ತಂಡ ಚೆನ್ನಾಗಿಯೇ ಇತ್ತು, ಆದರೆ ಆ ಸೀಸನ್‌ನಲ್ಲಿ ಪಿಟ್ಸ್‌ಬರ್ಗ್ ಕೈಯಲ್ಲಿ ಮೂರು ಸಲ ಸೋತಿತು, ಮೂರನೆಯದು ಪ್ಲೇಆಫ್‌ನಲ್ಲೇ. ಸೇಬನ್ ಮುಂದೆ ಕೋಚುಗಳ ಶಿಬಿರಗಳಲ್ಲಿ ತಾವೇ ವಿವರಿಸಿದ ತೊಡಕು ಇದು: ಪಿಟ್ಸ್‌ಬರ್ಗಿನ ಓಟ ತಡೆಯಲು ಒಬ್ಬ ಸೇಫ್ಟಿಯನ್ನು ಮುಂದೆ ತಂದು ಕವರ್ 3 ಆಡಬೇಕು. ಆಡಿದರೆ ಎದುರಾಳಿ ನಾಲ್ವರು ರಿಸೀವರ್‌ಗಳನ್ನು ನೆಟ್ಟಗೆ ಆಳಕ್ಕೆ ಓಡಿಸುತ್ತದೆ. ಹಿಂದೆ ಇರುವುದು ಮೂವರು. ಅಂಚಿನ ಇಬ್ಬರನ್ನು ಇಬ್ಬರು ಕಾರ್ನರ್‌ಗಳು ಹಿಡಿದರು. ನಡುವೆ ಓಡಿ ಬರುವ ಇಬ್ಬರಿಗೆ ಒಬ್ಬನೇ ಸೇಫ್ಟಿ. ಅವನು ಯಾರ ಕಡೆ ವಾಲಿದರೂ ಚೆಂಡು ಇನ್ನೊಬ್ಬನಿಗೆ ಹೋಗುತ್ತದೆ.

ಅವರು ಹುಡುಕಿಕೊಂಡ ದಾರಿಯೇ ಮುಂದೆ ಕಾಲೇಜ್ ಫುಟ್‌ಬಾಲ್‌ನ ವ್ಯಾಕರಣವಾಯಿತು. ಮದುವೆ ಮನೆಯ ಭಾಷೆಯಲ್ಲೇ ಹೇಳುವುದಾದರೆ: "ಹಿತ್ತಲ ಬಾಗಿಲಲ್ಲಿ ನಿಂತಿರು. ಆದರೆ ಕಣ್ಣು ಪುಟ್ಟನ ಮೇಲಿರಲಿ. ಅವನು ಬಾವಿ ಕಡೆ ಓಡಿದರೆ ಬಾಗಿಲು ಬಿಟ್ಟು ಅವನ ಜತೆ ಓಡು. ಅಡುಗೆ ಮನೆಗೆ ಹೋದರೆ ಬಿಟ್ಟುಬಿಡು, ಅಲ್ಲಿ ಅತ್ತೆ ಇದ್ದಾಳೆ. ಆಗ ನೀನು ಅಂಗಳದಿಂದ ಬರುವ ಇನ್ನೊಂದು ಮಗು ನೋಡಿಕೋ." ನಿಂತಾಗ ಝೋನ್, ಓಡತೊಡಗಿದ ಮೇಲೆ ಮ್ಯಾನ್. ಇದಕ್ಕೆ ಪ್ಯಾಟರ್ನ್ ಮ್ಯಾಚಿಂಗ್ ಅಂತ ಹೆಸರು. ಸೇಬನ್ ಕವರ್ 3ರಲ್ಲಿ ಒಳಗಿನ ರಿಸೀವರ್ ಎದುರು ನಿಂತವನು ಎಂದಿನಂತೆ ತನ್ನ ಜಾಗಕ್ಕೆ ಹೋಗಿ ನಿಲ್ಲುವುದಿಲ್ಲ. ರಿಸೀವರ್ ನೆಟ್ಟಗೆ ಓಡಿದರೆ ಅವನ ಪಕ್ಕದಲ್ಲೇ ಓಡುತ್ತಾನೆ, ಒಳಕ್ಕೆ ಕತ್ತರಿಸಿದರೆ ಒಳಗಿನ ಲೈನ್‌ಬ್ಯಾಕರ್‌ಗೆ, ಅಂದರೆ ಮುಂದಿನ ಸಾಲಿಗೂ ಸೇಫ್ಟಿಗೂ ನಡುವೆ ನಿಲ್ಲುವವನಿಗೆ, ಒಪ್ಪಿಸಿ ಹೊರಗಿನಿಂದ ಬರುವವನತ್ತ ತಿರುಗುತ್ತಾನೆ. ಹಿಂದಿನ ಸೇಫ್ಟಿ ಈಗ ನಿಜಕ್ಕೂ ಬಿಡುವಾಗಿದ್ದಾನೆ. ಬಲಕ್ಕೆ ಕೂಗುವಾಗ ರಿಪ್, ಎಡಕ್ಕೆ ಲಿಝ್. ಕಾಲೇಜ್ ಪುಸ್ತಕಗಳಲ್ಲಿ ಈ ಎರಡು ಪುಟ್ಟ ಪದ ಕಂಡರೆ ಅವುಗಳ ಬೇರು ಕ್ಲೀವ್‌ಲ್ಯಾಂಡಿನ ಆ ಸೋಲುಗಳಲ್ಲಿದೆ ಅಂದುಕೊಳ್ಳಿ.

ಇದಕ್ಕೆ ತೆರುವ ಬೆಲೆ ಓದು. ಎದುರಾಳಿ ನಿಂತ ರೀತಿ ಬದಲಾದರೆ ನಿಯಮ ಬದಲಾಗುತ್ತದೆ, ಒಬ್ಬ ರಿಸೀವರ್ ಆಚೆಯಿಂದ ಈಚೆಗೆ ನಡೆದರೆ ಏಳು ಜನರ ಕೆಲಸ ಅದಲುಬದಲಾಗುತ್ತದೆ. ಆದರೆ ಕಾಲೇಜ್ ಆಟಗಾರರು ಹೆಸರಿಗಾದರೂ ವಿದ್ಯಾರ್ಥಿಗಳು. ಸೀಸನ್ ನಡೆಯುವಾಗ ಕೋಚುಗಳು ಅವರನ್ನು ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂಬ ನಿಯಮವಿದೆ. ಎಷ್ಟು ಕಲಿಸಬೇಕು ಅನ್ನುವುದೂ ಹೀಗಾಗಿ ತತ್ವದ ಪ್ರಶ್ನೆಯೇ. ಸೇಬನ್ ಎಲ್ಲದಕ್ಕೂ ಉತ್ತರ ಬರೆದಿಡುವ ಪೈಕಿ. ನನ್ನ ಮನಸ್ಸು ವಾಲುವುದು ಇನ್ನೊಂದು ಪೈಕಿಯವರ ಕಡೆಗೆ.

ಟೆಕ್ಸಸ್ಸಿನ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ)ನಲ್ಲಿ ಎರಡು ದಶಕ ಕೋಚ್ ಆಗಿದ್ದ ಗ್ಯಾರಿ ಪ್ಯಾಟರ್ಸನ್ ಆ ಪೈಕಿ. ದೊಡ್ಡ ಕಾಲೇಜುಗಳು ಬೇಡವೆಂದ ಹುಡುಗರೇ ಅವರಿಗೆ ಸಿಗುತ್ತಿದ್ದದ್ದು. ಅವರು ಮುಂದೆ ನಾಲ್ವರು, ನಡುವೆ ಇಬ್ಬರು ಲೈನ್‌ಬ್ಯಾಕರ್, ಹಿಂದೆ ಐವರನ್ನಿಟ್ಟು ಮೈದಾನವನ್ನು ಉದ್ದುದ್ದಕ್ಕೆ ಸೀಳಿಬಿಟ್ಟರು. ಈ ಅರ್ಧ ಏನಾಡುತ್ತದೆ ಎಂದು ಆ ಅರ್ಧಕ್ಕೆ ಗೊತ್ತಿರಬೇಕಾಗಿಲ್ಲ. ಮುಂದಿನ ಆರು ಜನಕ್ಕೆ ಒಂದು ಕರೆ, ಹಿಂದಿನವರಿಗೆ ಬೇರೆ. ಎದುರಾಳಿ ಎಷ್ಟೇ ವಿಚಿತ್ರವಾಗಿ ನಿಂತರೂ ತನ್ನ ಅರ್ಧದಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸಿದರೆ ಹುಡುಗನ ಕೆಲಸ ಮುಗಿಯಿತು. ಪೂರ್ತಿ ಲೆಕ್ಕ ಬಿಟ್ಟು ಅರ್ಧ ಲೆಕ್ಕ ಕಲಿಸಿದರು, ಅಷ್ಟೆ. 2011ರ ಜನವರಿ 1ರಂದು ಆ ತಂಡ ಸೀಸನ್ ಕೊನೆಯ ಹೆಸರಾಂತ ಪಂದ್ಯವಾದ ರೋಸ್ ಬೌಲ್‌ನಲ್ಲಿ ವಿಸ್ಕಾನ್ಸಿನ್ ತಂಡವನ್ನು 21–19ರಿಂದ ಸೋಲಿಸಿತು.

ಮೂರು ವರ್ಷದ ನಂತರ ಅದೇ ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡನ್ನು 24–20ರಿಂದ ಮಣಿಸಿದ ಮಿಶಿಗನ್ ಸ್ಟೇಟ್ ಇನ್ನೂ ಮೊಂಡು. ಹೆಡ್ ಕೋಚ್ ಮಾರ್ಕ್ ಡಾಂಟೋನಿಯೊ, ಹಿಂದೆ ಸೇಬನ್ ಅದೇ ಕಾಲೇಜಿನಲ್ಲಿದ್ದಾಗ ಅವರ ಕೈಕೆಳಗೆ ಕೆಲಸ ಮಾಡಿದವರು. ಡಿಫೆನ್ಸ್ ಪ್ಯಾಟ್ ನಾರ್ಡೂಝಿ ಅವರದು. ಆಡುತ್ತಿದ್ದದ್ದು ಬಹುಪಾಲು ಒಂದೇ ಕವರೇಜ್, ಕ್ವಾರ್ಟರ್ಸ್. ಅಂದರೆ ಕವರ್ 4.

ಹಿಂದೆ ನಾಲ್ವರು ಅಂದ ಕೂಡಲೇ ಹೆದರಿ ಹಿಂದೆ ಸರಿದ ಆಟ ಅನಿಸುತ್ತದೆ. ಸತ್ಯ ಅದಕ್ಕೆ ತದ್ವಿರುದ್ಧ. ಇಬ್ಬರು ಕಾರ್ನರ್‌ಗಳು ಅಂಚಿನ ರಿಸೀವರ್‌ಗಳ ಎದೆಗೆ ಎದೆ ಕೊಟ್ಟು ನಿಲ್ಲುತ್ತಾರೆ, ಅವರಿಗೆ ಬೆಂಬಲ ಸಿಗುವುದು ಅಪರೂಪ. ಇಬ್ಬರು ಸೇಫ್ಟಿಗಳು ಸುಮಾರು ಹತ್ತು ಗಜ ಹಿಂದೆ. ಅಂಚಿನಿಂದ ಒಳಕ್ಕೆ ಎಣಿಸಿದರೆ ಎರಡನೆಯ ರಿಸೀವರ್ ಯಾರೋ, ಸೇಫ್ಟಿಯ ಕಣ್ಣು ಅವನ ಮೇಲೆ. ಅವನು ನೆಟ್ಟಗೆ ಆಳಕ್ಕೆ ಬಂದರೆ ಅವನು ನನ್ನವನು. ಅಲ್ಲೇ ಅಡ್ಡಕ್ಕೆ ತಿರುಗಿದರೆ ಬಿಟ್ಟು, ಕಾರ್ನರ್‌ಗೆ ಸಹಾಯಕ್ಕೆ ಓಡು. ಅವನು ಯಾರನ್ನಾದರೂ ತಡೆಯಲು ಹೋದರೆ ಅದು ಓಟ, ತಲೆ ಬಗ್ಗಿಸಿ ಮುಂದಕ್ಕೆ ನುಗ್ಗು. ಇಬ್ಬರು ಸೇಫ್ಟಿಗಳೂ ನುಗ್ಗಿದರೆ ಓಟ ತಡೆಯಲು ಒಂಬತ್ತು ಜನ ಆದರು. ಪಾಸ್ ಬಂದರೆ ಹಿಂದೆ ನಾಲ್ವರು, ಓಟ ಬಂದರೆ ಮುಂದೆ ಒಂಬತ್ತು. ಒಂದೇ ದುಡ್ಡನ್ನು ಎರಡು ಅಂಗಡಿಯಲ್ಲಿ ಖರ್ಚು ಮಾಡಿದಂತೆ. ಕ್ವಾರ್ಟರ್‌ಬ್ಯಾಕ್ ಓಡುವ ಕಾಲೇಜ್ ಆಟಕ್ಕೆ ಇದು ಹೇಳಿ ಮಾಡಿಸಿದ ಔಷಧ.

ಹಾಗಾದರೆ ಬಿಟ್ಟುಕೊಟ್ಟದ್ದೇನು? ಕಾರ್ನರ್‌ನ ಒಂಟಿತನ ಒಂದು. ಅವನು ಸೋತರೆ ಹಿಂದೆ ಯಾರೂ ಇಲ್ಲ. ಅದಕ್ಕೇ 2013ರಲ್ಲಿ ಕಾಲೇಜ್ ಆಟದ ಅತ್ಯುತ್ತಮ ಡಿಫೆನ್ಸಿವ್ ಬ್ಯಾಕ್‌ಗೆ ಕೊಡುವ ಥಾರ್ಪ್ ಪ್ರಶಸ್ತಿ ಪಡೆದ ಡಾರ್ಕ್‌ವೇಝ್ ಡೆನಾರ್ಡ್‌ನಂಥವನು ಬೇಕು. ಇನ್ನೊಂದು ಸೇಫ್ಟಿಯ ಕಣ್ಣು. ಎರಡನೆಯ ರಿಸೀವರ್ ತಡೆಯುವಂತೆ ನಟಿಸಿ, ಸೇಫ್ಟಿ ನುಗ್ಗಿದೊಡನೆ ಅವನನ್ನು ದಾಟಿ ಓಡಿದರೆ ಆಟ ಮುಗಿಯಿತು. ಈ ಕಣ್ಣಿಗೇ ಎದುರಾಳಿಗಳು ಗುರಿ ಇಟ್ಟರು.

2011ಕ್ಕೂ 2019ಕ್ಕೂ ನಡುವೆ ಬದಲಾದದ್ದರಲ್ಲಿ ದೊಡ್ಡ ಪಾಲು ಇದರದು. ಆರ್‌ಪಿಒ (ರನ್-ಪಾಸ್ ಆಪ್ಷನ್) ಅನ್ನುವ ಆಟದಲ್ಲಿ ಓಟವೋ ಪಾಸೋ ಎಂದು ಮೊದಲೇ ತೀರ್ಮಾನವಾಗಿರುವುದಿಲ್ಲ. ಮುಂದಿನ ಐವರು ದಡಿಯರು ಓಟಕ್ಕೆಂದೇ ತಳ್ಳುತ್ತಾರೆ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಕ್ಕದವನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಒಬ್ಬ ಲೈನ್‌ಬ್ಯಾಕರನ್ನು ನೋಡುತ್ತಿರುತ್ತಾನೆ. ಅವನು ಮುಂದೆ ಬಂದನೋ, ಚೆಂಡು ಹಿಂದಕ್ಕೆಳೆದು ಅವನು ಬಿಟ್ಟ ಜಾಗಕ್ಕೆ ಎಸೆ. ನಿಂತಲ್ಲೇ ನಿಂತನೋ, ಕೊಟ್ಟುಬಿಡು, ಓಡಲಿ. ಆ ಲೈನ್‌ಬ್ಯಾಕರ್ ಏನು ಮಾಡಿದರೂ ತಪ್ಪೇ. ಇದಕ್ಕೆ ನಿಯಮದ ಕೃಪೆಯೂ ಇದೆ. ಪಾಸ್ ಎಸೆಯುವಾಗ ಆ ದಡಿಯರು ಎನ್‌ಎಫ್‌ಎಲ್‌ನಲ್ಲಿ ಒಂದು ಗಜಕ್ಕಿಂತ ಮುಂದೆ ಇರುವಂತಿಲ್ಲ, ಕಾಲೇಜಿನಲ್ಲಿ ಮೂರು ಗಜದವರೆಗೂ ಹೋಗಬಹುದು. ಮೂರು ಗಜ ಮುಂದೆ ನುಗ್ಗಿ ಬರುತ್ತಿರುವವನನ್ನು ಕಂಡರೆ ಯಾವ ಹುಡುಗನಾದರೂ ಓಟ ಎಂದೇ ನಂಬುತ್ತಾನೆ. ಡಿಫೆನ್ಸ್ ನೋಡಿಕೊಂಡು ಬಂದವನಾಗಿ ನನಗೆ ಇದು ಶುದ್ಧ ಅನ್ಯಾಯ ಅನಿಸುತ್ತದೆ, ಆದರೆ ಮತಕ್ಕೆ ಹಾಕಿದರೆ ಬಹುಮತ ನನ್ನ ಕಡೆ ಬೀಳಲಾರದು. ಜನಕ್ಕೆ ಟಚ್‌ಡೌನ್ ಬೇಕು.

ಮೇಲಾಗಿ ವೇಗ. ಒಂದು ಆಟ ಮುಗಿದು ಉಸಿರು ಬಿಡುವುದರೊಳಗೆ ಮುಂದಿನದಕ್ಕೆ ನಿಂತುಬಿಡುವ ತಂಡಗಳ ಎದುರು ಉದ್ದದ ಕರೆ ಕೂಗುವುದಕ್ಕೆ ಹೊತ್ತಿಲ್ಲ. ಕಾಲೇಜಿನಲ್ಲಿ ಹೆಲ್ಮೆಟ್ಟಿನೊಳಗೆ ರೇಡಿಯೊ ಬಂದದ್ದೇ 2024ರಲ್ಲಿ, ಅದೂ ಒಂದು ಸಲಕ್ಕೆ ಒಬ್ಬನಿಗೆ ಮಾತ್ರ, ಆಟದ ಗಡಿಯಾರ 15 ಸೆಕೆಂಡಿಗೆ ಬಂದರೆ ಅದೂ ಬಂದ್. ಅಲ್ಲಿಯವರೆಗೆ ಅಂಚಿನಲ್ಲಿ ನಿಂತು ಕೈಸನ್ನೆ ಮಾಡುವುದು, ಚಿತ್ರದ ಹಲಗೆ ಎತ್ತಿ ಹಿಡಿಯುವುದು.

ಇದಕ್ಕೆ ನಾನು ಕಂಡ ಅತ್ಯಂತ ಚೆಂದದ ಉತ್ತರ ಬಂದದ್ದು ಜೋಳದ ಹೊಲಗಳ ನಾಡಾದ ಅಯೋವಾದಿಂದ. ಅಯೋವಾ ಸ್ಟೇಟ್‌ನ ಡಿಫೆನ್ಸ್ ಕೋಚ್ ಜಾನ್ ಹೀಕಾಕ್ 2017ರಲ್ಲಿ ಹಿಂದೆ ಇಬ್ಬರಲ್ಲ, ಮೂವರು ಸೇಫ್ಟಿಗಳನ್ನು ನಿಲ್ಲಿಸಿದರು. ಮುಂದೆ ಮೂವರೇ ದಡಿಯರು. ಮೂರನೆಯ ಸೇಫ್ಟಿ ನಟ್ಟನಡುವೆ. ಓಟ ಬಂದರೆ ಅವನು ಲೈನ್‌ಬ್ಯಾಕರ್‌ನಂತೆ ಮುಂದೆ ಬರುತ್ತಾನೆ, ಪಾಸ್ ಬಂದರೆ ನಡುವಿನ ಕಿಂಡಿ ಮುಚ್ಚುತ್ತಾನೆ. ಕ್ವಾರ್ಟರ್‌ಬ್ಯಾಕ್ ಚೆಂಡು ಕೈಗೆ ಬರುವ ಮುಂಚೆ ನೋಡುವುದು ಸೇಫ್ಟಿ ಒಬ್ಬನೋ ಇಬ್ಬರೋ ಎಂದಲ್ಲವೇ? ಇಲ್ಲಿ ಆ ಪ್ರಶ್ನೆಗೇ ಅರ್ಥವಿಲ್ಲದಂತಾಯಿತು. ಆ ಅಕ್ಟೋಬರ್ 7ರಂದು ದೇಶದಲ್ಲಿ ಮೂರನೆಯ ಸ್ಥಾನದಲ್ಲಿದ್ದ ಓಕ್ಲಹೋಮಾವನ್ನು ಅದರ ಮನೆಯಲ್ಲೇ ಅಯೋವಾ ಸ್ಟೇಟ್ 38–31ರಿಂದ ಸೋಲಿಸಿತು. ಆ ಓಕ್ಲಹೋಮಾದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಅದೇ ವರ್ಷ ಕಾಲೇಜ್ ಆಟದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದವನು. 31 ಅಂಕ ಕೊಟ್ಟ ಡಿಫೆನ್ಸನ್ನು ಹೊಗಳುತ್ತಿದ್ದೀರಲ್ಲ ಎಂದು ಕೇಳಬಹುದು. 2017ರ ಕಾಲೇಜ್ ಫುಟ್‌ಬಾಲ್‌ನಲ್ಲಿ ಅಂಥ ತಂಡಕ್ಕೆ 31 ಕೊಟ್ಟು ಗೆಲ್ಲುವುದು ಮರ್ಯಾದೆಯ ಮಾತು. ಮುಂದಿನ ವರ್ಷಗಳಲ್ಲಿ ಈ ಮೂವರ ಏರ್ಪಾಡನ್ನು ಎಷ್ಟೋ ಕಾಲೇಜುಗಳು ನಕಲು ಮಾಡಿದವು.

ಕೊನೆಗೆ ಒಂದು ಆಟ ನಿಧಾನವಾಗಿ ನೋಡೋಣ. 2018ರ ಜನವರಿ 8, ಅಟ್ಲಾಂಟಾ, ರಾಷ್ಟ್ರೀಯ ಫೈನಲ್. ಒಂದು ಕಡೆ ಸೇಬನ್ ಅವರ ಅಲಬಾಮಾ. ಇನ್ನೊಂದು ಕಡೆ ಜಾರ್ಜಿಯಾ, ಕೋಚ್ ಕರ್ಬಿ ಸ್ಮಾರ್ಟ್. ಹಲವು ವರ್ಷ ಸೇಬನ್ ಬಳಿಯೇ ಡಿಫೆನ್ಸ್ ನಡೆಸಿದವರು, ಗುರುವಿನ ಪುಸ್ತಕ ಬಾಯಿಪಾಠ. ಓವರ್‌ಟೈಮಿನಲ್ಲಿ ಜಾರ್ಜಿಯಾ 23–20ರಿಂದ ಮುಂದಿದೆ. ಮೊದಲ ಡೌನ್‌ನಲ್ಲಿ ಅಲಬಾಮಾದ ಕ್ವಾರ್ಟರ್‌ಬ್ಯಾಕನ್ನು 16 ಗಜ ಹಿಂದಕ್ಕೆ ಅಟ್ಟಿ ಕೆಡವಿದರು. ಈಗ ಎರಡನೆಯ ಡೌನ್, ಹೋಗಬೇಕಾದದ್ದು 26 ಗಜ. ಕ್ವಾರ್ಟರ್‌ಬ್ಯಾಕ್ ಟುವಾ ಟಾಗೊವೈಲೋವಾ ಮೊದಲ ವರ್ಷದ ಹುಡುಗ, ಅರ್ಧವಿರಾಮದ ನಂತರ ಮೈದಾನಕ್ಕೆ ಇಳಿದವನು.

ಜಾರ್ಜಿಯಾ ಆಡಿದ್ದು ಕವರ್ 2. ತಪ್ಪು ಆಯ್ಕೆ ಖಂಡಿತ ಅಲ್ಲ. ಇಷ್ಟು ದೂರ ಇರುವಾಗ ಇಬ್ಬರು ಸೇಫ್ಟಿಗಳು ಹಿಂದೆ ಅರ್ಧರ್ಧ ಹಂಚಿಕೊಂಡು, ಮುಂದಿನವರು ಚಿಕ್ಕ ಪಾಸುಗಳನ್ನು ಹಿಡಿದುಕೊಂಡಿದ್ದರೆ ಹತ್ತು ಹನ್ನೆರಡು ಗಜ ಬಿಟ್ಟುಕೊಟ್ಟರೂ ನಷ್ಟವಿಲ್ಲ. ಕವರ್ 2 ಬಿಟ್ಟುಕೊಡುವ ಆಳದ ಜಾಗ ಅಂಚಿನ ಗೆರೆಯುದ್ದಕ್ಕೂ, ಕಾರ್ನರ್‌ನ ಹಿಂದೆ, ಸೇಫ್ಟಿ ಓಡಿ ತಲುಪುವುದಕ್ಕೆ ಮುಂಚೆ. ಅರ್ಧ ಮೈದಾನದ ನಡುವಿನಿಂದ ಅಂಚಿನವರೆಗೆ ಅವನು ಓಡಬೇಕು. ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಹೇಳುವುದು ಕ್ವಾರ್ಟರ್‌ಬ್ಯಾಕ್‌ನ ಕಣ್ಣು. ಟುವಾ ಮೊದಲು ಬೇರೆ ಕಡೆ ನೋಡಿದ. ಸೇಫ್ಟಿ ಎರಡು ಹೆಜ್ಜೆ ಅಲ್ಲೇ ಉಳಿದ. ಎಡ ಅಂಚಿನಲ್ಲಿ ಡಿವಾಂಟಾ ಸ್ಮಿತ್, ಅವನೂ ಮೊದಲ ವರ್ಷದವನು, ಕಾರ್ನರನ್ನು ದಾಟಿ ಓಡುತ್ತಿದ್ದ. ಟುವಾ ತಿರುಗಿ ಎಸೆದ. ಸೇಫ್ಟಿ ಗೆರೆಯ ಹತ್ತಿರ ಬರುವಷ್ಟರಲ್ಲಿ ಚೆಂಡು ಸ್ಮಿತ್ ಕೈಯಲ್ಲಿತ್ತು. 41 ಗಜ, ಟಚ್‌ಡೌನ್, 26–23.